ಬ್ಯಾಟರಿಗೆ ಕೈ ಹಾಕುವ ಮುನ್ನ



ವಿದ್ಯುತ್ ಸಬ್‌ಸ್ಟೇಷನ್ ನೋಡಲು ಬರುವ ಶಾಲಾ ಮಕ್ಕಳು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ. ಇಡೀ ತಾಲ್ಲೂಕಿಗೆ ಕರೆಂಟ್ ಹಂಚುವ ಜಾಗದಲ್ಲಿ ಬ್ಯಾಟರಿಗೇನು ಕೆಲಸ? ಹೊರಗೆ ಅಂಗಳದಲ್ಲಿ, ಹಳೇ ಮೈಸೂರಿನ ಕಡೆಯಾದರೆ 66 ಸಾವಿರ ವೋಲ್ಟಿನ ತಂತಿಗಳು, ಉತ್ತರ ಕರ್ನಾಟಕ ಮತ್ತು ಕರಾವಳಿಯ ಕಡೆಯಾದರೆ 110 ಸಾವಿರ ವೋಲ್ಟಿನ ತಂತಿಗಳು, ಗುಂಯ್‌ಗುಡುವ ಟ್ರಾನ್ಸ್‌ಫಾರ್ಮರುಗಳು. ಒಳಗೆ ಕಂಟ್ರೋಲ್ ರೂಮಿನ ಪಕ್ಕದ ಸಣ್ಣ ಕೋಣೆಯಲ್ಲಿ, ಸ್ಟ್ಯಾಂಡಿನ ಮೇಲೆ ಸಾಲಾಗಿ ಕೂತ 55 ಸೆಲ್ಲುಗಳು. ಒಂದೊಂದು 2 ವೋಲ್ಟಿನದು, ಎಲ್ಲ ಸೇರಿ 110 ವೋಲ್ಟ್. ಅಷ್ಟೊಂದು ಶಕ್ತಿಯ ನಡುವೆ ಈ ಪುಟ್ಟ ಸಾಲು ಯಾಕೆ ಎಂದು ಮಕ್ಕಳಿಗೆ ಅನ್ನಿಸುವುದು ಸಹಜ.

ಕಾರಣ ಹೇಳುತ್ತೇನೆ. ಗಾಳಿ ಮಳೆಗೆ ಎಲ್ಲೋ ಒಂದು ತಂತಿ ಕಡಿದು ನೆಲಕ್ಕೆ ಬಿತ್ತು ಎಂದಿಟ್ಟುಕೊಳ್ಳಿ. ಅದನ್ನು ರಿಲೇ ಎಂಬ ಸಾಧನ ಕೂಡಲೇ ಪತ್ತೆ ಹಚ್ಚುತ್ತದೆ, ಬ್ರೇಕರಿಗೆ ಆಜ್ಞೆ ಕೊಡುತ್ತದೆ. ಬ್ರೇಕರ್ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಂಡು ಆ ಲೈನನ್ನು ಕಡಿತ ಮಾಡಬೇಕು. ಆದರೆ ಅದೇ ಗಳಿಗೆಯಲ್ಲಿ ಲೈನಿನ ವೋಲ್ಟೇಜ್ ಕುಸಿದಿರುತ್ತದೆ. ಕುಸಿಯುತ್ತಿರುವ ಕರೆಂಟನ್ನೇ ನಂಬಿ ಬ್ರೇಕರ್ ತೆರೆಯಲಾಗದು. ಅದಕ್ಕೆ ಬೇಕಾದ ಶಕ್ತಿ ಬರುವುದು ಆ 55 ಸೆಲ್ಲುಗಳಿಂದ. ಬ್ಯಾಟರಿ ಸತ್ತಿದ್ದರೆ ಬ್ರೇಕರ್ ಮುಚ್ಚಿಕೊಂಡೇ ಇರುತ್ತದೆ. ಟ್ರಾನ್ಸ್‌ಫಾರ್ಮರ್ ಸುಡಬಹುದು. ಅದಕ್ಕಿಂತ ಹೆಚ್ಚಾಗಿ, ಹೊಲದ ಬದುವಿನಲ್ಲಿ ಬಿದ್ದ ತಂತಿಯಲ್ಲಿ ಕರೆಂಟ್ ಹರಿಯುತ್ತಲೇ ಇರುತ್ತದೆ. ಬೆಳಗಿನ ಜಾವ ನೀರು ಕಟ್ಟಲು ಹೋಗುವ ರೈತನ ಪ್ರಾಣ ಆ ಕೋಣೆಯೊಳಗಿನ ಸೆಲ್ಲುಗಳ ಮೇಲೆ ನಿಂತಿದೆ ಎಂದರೆ ಅದು ಉತ್ಪ್ರೇಕ್ಷೆಯಲ್ಲ.

ಇಂಥ ಬ್ಯಾಟರಿಗಳು ನಮ್ಮ ಸುತ್ತ ಎಲ್ಲೆಲ್ಲೂ ಇವೆ. ಮನೆಯಲ್ಲಿ ಕರೆಂಟ್ ಹೋಗಿದ್ದರೂ ಹಳೆಯ ಲ್ಯಾಂಡ್‌ಲೈನ್ ಫೋನು ಕೆಲಸ ಮಾಡುತ್ತಿದ್ದದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಆ ಫೋನಿಗೆ ಜೀವ ಬರುತ್ತಿದ್ದದ್ದು ಟೆಲಿಫೋನ್ ಎಕ್ಸ್‌ಚೇಂಜಿನ 48 ವೋಲ್ಟಿನ ಬ್ಯಾಟರಿಯಿಂದ. ರೈಲ್ವೆ ಸಿಗ್ನಲ್ಲು, ಮೊಬೈಲ್ ಟವರು, ಬ್ಯಾಂಕಿನ ಕಂಪ್ಯೂಟರು, ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿ, ಅಪಾರ್ಟ್‌ಮೆಂಟಿನ ಲಿಫ್ಟು, ಕೊನೆಗೆ ನಿಮ್ಮ ಮನೆಯ ಮೆಟ್ಟಿಲ ಕೆಳಗೆ ಕೂತಿರುವ ಯುಪಿಎಸ್ಸು ಎಲ್ಲದರ ಹಿಂದೆಯೂ ಬ್ಯಾಟರಿ ಇದೆ. ಬಹುಪಾಲು ಕಡೆ ಅದು ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿ. ಫ್ರಾನ್ಸಿನ ಗಾಸ್ತೋಂ ಪ್ಲಾಂತೆ ಎಂಬ ವಿಜ್ಞಾನಿ 1859ರಲ್ಲಿ ಕಂಡುಹಿಡಿದದ್ದು. ಇಷ್ಟು ವರ್ಷವಾದರೂ ಅದರ ಮೂಲತತ್ತ್ವ ಬದಲಾಗಿಲ್ಲ.

ತುರ್ತಿನ ಬ್ಯಾಟರಿ ಕೈಕೊಟ್ಟರೆ ಏನಾಗುತ್ತದೆ ಎಂಬುದನ್ನು ಜಗತ್ತು 2011ರ ಮಾರ್ಚ್ 11ರಂದು ಜಪಾನಿನ ಫುಕುಶಿಮಾದಲ್ಲಿ ನೋಡಿತು. ಭೂಕಂಪಕ್ಕೆ ಹೊರಗಿನ ವಿದ್ಯುತ್ ಹೋಯಿತು. ಸುನಾಮಿಯ ನೀರು ನುಗ್ಗಿ ಡೀಸೆಲ್ ಜನರೇಟರುಗಳು ನಿಂತವು. ಒಂದು ಮತ್ತು ಎರಡನೇ ಘಟಕಗಳ ಬ್ಯಾಟರಿಗಳೂ ನೀರಿನ ಪಾಲಾದವು. ನಿಯಂತ್ರಣ ಕೊಠಡಿ ಕತ್ತಲಾಯಿತು. ರಿಯಾಕ್ಟರಿನೊಳಗೆ ನೀರು ಎಷ್ಟಿದೆ ಎಂದು ತೋರಿಸುವ ಮೀಟರುಗಳೂ ಸತ್ತವು. ಸಿಬ್ಬಂದಿ ಆವರಣದಲ್ಲಿದ್ದ ವಾಹನಗಳ ಬ್ಯಾಟರಿ ಬಿಚ್ಚಿ ತಂದು, ತಂತಿ ಜೋಡಿಸಿ, ಆ ಮೀಟರುಗಳನ್ನು ಓದಿದರು. ಮೂರನೇ ಘಟಕದ ಬ್ಯಾಟರಿಗೆ ನೀರು ತಾಗಿರಲಿಲ್ಲ. ಅಲ್ಲಿನವರು ಬೇಡದ ಲೋಡುಗಳನ್ನೆಲ್ಲ ಒಂದೊಂದಾಗಿ ಕಡಿದು, ಆ ಬ್ಯಾಟರಿಯನ್ನು ಒಂದು ದಿನಕ್ಕೂ ಮೀರಿ ಎಳೆದರು. ಯಾವುದು ಬೇಕೇ ಬೇಕು, ಯಾವುದನ್ನು ಬಿಡಬಹುದು ಎಂಬ ಲೆಕ್ಕ ಅವರಿಗೆ ಗೊತ್ತಿದ್ದದ್ದರಿಂದ ಅದು ಸಾಧ್ಯವಾಯಿತು. ಈ ಲೆಕ್ಕದ ಮಾತಿಗೆ ಇನ್ನು ಸ್ವಲ್ಪ ಹೊತ್ತಿನಲ್ಲಿ ಬರುತ್ತೇನೆ.

ಬ್ಯಾಟರಿಯ ನಿರ್ವಹಣೆ ಎಂದರೆ ನೀರು ಹಾಕುವುದು, ಟರ್ಮಿನಲ್ ಒರೆಸುವುದು, ಬೋಲ್ಟು ಬಿಗಿಮಾಡುವುದು ಎಂದು ನಾವೆಲ್ಲ ತಿಳಿದಿದ್ದೇವೆ. ಅದು ಸರಿಯೇ. ನಾನಿವತ್ತು ಹೇಳಬೇಕೆಂದಿರುವುದು ಅದಕ್ಕೂ ಹಿಂದಿನ ದಿನದ ಕೆಲಸವನ್ನು. ಕಷ್ಟಕಾಲಕ್ಕೆಂದು ಇಟ್ಟುಕೊಂಡ ಬ್ಯಾಟರಿಯನ್ನು ಸರ್ವಿಸಿಗೆಂದು ಕಳಚಿದ ಹೊತ್ತಿನಲ್ಲಿ ನಮಗೆ ಆಸರೆಯೇ ಇರುವುದಿಲ್ಲ. ಆ ಒಂದು ಗಂಟೆಯೋ ಎರಡು ಗಂಟೆಯೋ ಇಡೀ ವ್ಯವಸ್ಥೆ ಬರಿ ಮೈಯಲ್ಲಿ ನಿಂತಿರುತ್ತದೆ. ಆಗ ಕರೆಂಟ್ ಹೋಗುವುದಿಲ್ಲ ಎಂದು ಯಾರೂ ಬರೆದುಕೊಟ್ಟಿಲ್ಲ. ಆದ್ದರಿಂದ ಸ್ಪ್ಯಾನರ್ ಹಿಡಿಯುವುದಕ್ಕೆ ಮುಂಚೆ ಮುಗಿಸಬೇಕಾದ ಸಿದ್ಧತೆಯೇ ಈ ಕೆಲಸದ ಅರ್ಧಕ್ಕಿಂತ ದೊಡ್ಡ ಭಾಗ ಎಂಬುದು ನನ್ನ ನಂಬಿಕೆ.

ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಬೆಳಿಗ್ಗೆ ಹನ್ನೊಂದರ ಹೊತ್ತು. ಯುಪಿಎಸ್ ಸರ್ವಿಸಿನ ಹುಡುಗ ಬಂದವನು ಕಚೇರಿಯಲ್ಲಿ ಸಹಿ ಹಾಕಿ, ನೇರವಾಗಿ ಬ್ಯಾಟರಿಗಳ ಹತ್ತಿರ ಹೋಗಿ ತಂತಿ ಬಿಚ್ಚಿದ. ವಾರ್ಡಿನವರಿಗೆ ಹೇಳಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಟರ್ಮಿನಲ್ಲಿನ ಬಿಳಿ ಪುಡಿ ಉಜ್ಜುತ್ತಿದ್ದಾಗ ಕರೆಂಟ್ ಹೋಯಿತು. ಜನರೇಟರ್ ತಾನಾಗಿ ಶುರುವಾಗಬೇಕಿತ್ತು. ಅದು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಹೆರಿಗೆ ವಾರ್ಡಿನಲ್ಲಿ ಹುಟ್ಟಿ ಒಂದು ತಾಸೂ ಆಗದ ಕೂಸು ಮೈ ಬೆಚ್ಚಗಿಡುವ ವಾರ್ಮರಿನ ಕೆಳಗಿತ್ತು. ಅಲ್ಲಿದ್ದ ಸಿಸ್ಟರ್ ಒಂದು ಕ್ಷಣವೂ ತಡಮಾಡಲಿಲ್ಲ. ಕೂಸನ್ನು ಎತ್ತಿ ತಾಯಿಯ ಬರಿ ಎದೆಯ ಮೇಲೆ ಮಲಗಿಸಿ, ಕಂಬಳಿ ಹೊದಿಸಿ, ತಲೆಗೆ ಟೋಪಿ ಹಾಕಿ, ಪಕ್ಕದಲ್ಲೇ ನಿಂತರು. ಕೂಸಿಗೆ ಏನೂ ಆಗಲಿಲ್ಲ. ಕರೆಂಟ್ ಬರುವವರೆಗೂ ಅವರು ಆ ಮಂಚ ಬಿಟ್ಟು ಕದಲಲಿಲ್ಲ. ಆ ಸಿಸ್ಟರಿಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ. ಆದರೆ ಅವರಿಗೆ ಅಂಥ ಪರೀಕ್ಷೆ ಒಡ್ಡುವ ಅಗತ್ಯವೇ ಇರಲಿಲ್ಲ.

ಅಲ್ಲಿ ಏನೇನು ಮೊದಲೇ ಆಗಬೇಕಿತ್ತು ನೋಡಿ. ಮೊದಲನೆಯದು ಜನರೇಟರ್. ಅದನ್ನು ಹಿಂದಿನ ದಿನವೇ ಶುರು ಮಾಡಿ, ನಿಜವಾದ ಲೋಡ್ ಕೊಟ್ಟು, ಸ್ವಲ್ಪ ಹೊತ್ತು ಓಡಿಸಿ ನೋಡಬೇಕಿತ್ತು. ಜನರೇಟರ್ ಸ್ಟಾರ್ಟ್ ಆಗಲು ಅದಕ್ಕೂ ಒಂದು ಬ್ಯಾಟರಿ ಬೇಕು. ಮೂಲೆಯಲ್ಲಿ ಕೂತ ಆ ಬ್ಯಾಟರಿಯನ್ನು ಎಲ್ಲರೂ ಮರೆಯುತ್ತಾರೆ. ಡೀಸೆಲ್ ತುಂಬಿದ್ದರೂ ಎಂಜಿನ್ ಏಳದಿದ್ದಾಗ ನಾನು ಮೊದಲು ನೋಡುವುದು ಅದನ್ನೇ. ಇನ್ನು ದೊಡ್ಡ ಯುಪಿಎಸ್‌ಗಳಲ್ಲಿ ಮೇಂಟೆನೆನ್ಸ್ ಬೈಪಾಸ್ ಎಂಬ ಸ್ವಿಚ್ ಇರುತ್ತದೆ. ಅದನ್ನು ತಿರುಗಿಸಿದರೆ ಲೋಡು ಯುಪಿಎಸ್ಸನ್ನು ಬಿಟ್ಟು ನೇರವಾಗಿ ಲೈನಿನ ಕರೆಂಟಿಗೆ ಹೋಗುತ್ತದೆ. ಆಗ ಲೈನ್ ಹೋದರೆ ಎಲ್ಲವೂ ಹೋಯಿತು. ಬೈಪಾಸಿಗೆ ಹಾಕುವ ಮುನ್ನ ಜನರೇಟರ್ ಓಡುತ್ತಿರಬೇಕು, ಇಲ್ಲವೇ ಕರೆದ ಕೂಡಲೇ ಏಳುವ ಸ್ಥಿತಿಯಲ್ಲಿರಬೇಕು.

ಎರಡನೆಯದು, ಫುಕುಶಿಮಾದಲ್ಲಿ ನೋಡಿದೆವಲ್ಲ, ಆ ಲೋಡಿನ ಲೆಕ್ಕ. ಈ ಬ್ಯಾಟರಿಯ ಮೇಲೆ ಏನೇನು ನಿಂತಿದೆ ಎಂಬ ಪಟ್ಟಿ ಎಷ್ಟು ಆಸ್ಪತ್ರೆಗಳಲ್ಲಿದೆ? ಮೂಲತಃ ವಾರ್ಮರು, ಮಾನಿಟರುಗಳಿಗೆಂದು ಹಾಕಿದ ಯುಪಿಎಸ್ಸಿಗೆ ಬರಬರುತ್ತಾ ಕಚೇರಿಯ ಪ್ರಿಂಟರು, ವಾಟರ್ ಫಿಲ್ಟರು, ಯಾರದೋ ಫ್ಯಾನು ಸೇರಿಕೊಂಡಿರುತ್ತವೆ. ಪಟ್ಟಿ ಮಾಡುವಾಗಲೇ ಇದು ಗೊತ್ತಾಗುತ್ತದೆ. ಲಸಿಕೆ ಇಡುವ ಫ್ರಿಜ್ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಅದಕ್ಕೆ ಮೊದಲೇ ಐಸ್‌ಪ್ಯಾಕ್ ಸಿದ್ಧವಾಗಿರಬೇಕು, ಬಾಗಿಲು ತೆಗೆಯಬಾರದು ಎಂದು ಚೀಟಿ ಅಂಟಿಸಿರಬೇಕು. ಯಾವ ವಾರ್ಡಿನವರಿಗೆ ಯಾರು, ಎಷ್ಟು ಗಂಟೆಗೆ ತಿಳಿಸಬೇಕು ಎಂಬುದು ಬರವಣಿಗೆಯಲ್ಲಿರಬೇಕು. ಆ ದಿನ ಶಸ್ತ್ರಚಿಕಿತ್ಸೆ ಇದೆಯೇ ಎಂದು ಡಾಕ್ಟರನ್ನು ಕೇಳಿಯೇ ದಿನ ಗೊತ್ತುಮಾಡಬೇಕು.

ದಿನ ಗೊತ್ತುಮಾಡುವುದೂ ಒಂದು ಸಿದ್ಧತೆಯೇ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಹೀಗೆ ನಮ್ಮ ವಿದ್ಯುತ್ ಕಂಪನಿಗಳು ಲೈನ್ ಕೆಲಸಕ್ಕೆ ಕರೆಂಟ್ ತೆಗೆಯುವ ಮುನ್ನ ‘ವಿದ್ಯುತ್ ವ್ಯತ್ಯಯ’ ಎಂದು ಪತ್ರಿಕೆಯಲ್ಲಿ ಪ್ರಕಟಣೆ ಕೊಡುತ್ತವೆ. ಅದನ್ನು ನೋಡಿ ದಿನ ಆರಿಸಿಕೊಳ್ಳಿ. ಹಿಂದಿನ ದಿನ ರಾತ್ರಿಯೆಲ್ಲ ಕರೆಂಟ್ ಇದ್ದು ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಬೇಕು. ಅರ್ಧ ಖಾಲಿಯಾದ ಬ್ಯಾಟರಿಯನ್ನು ಪರೀಕ್ಷಿಸಿದರೆ ಸಿಗುವ ಅಂಕಿಗಳಿಂದ ಏನನ್ನೂ ತೀರ್ಮಾನಿಸಲಾಗದು. ಕಾಲದ ವಿಚಾರಕ್ಕೆ ಬಂದರೆ, ಮಲೆನಾಡು, ಕರಾವಳಿಯವರು ಮೃಗಶಿರ ಮಳೆ ಹಿಡಿಯುವ ಮೊದಲೇ ಈ ಕೆಲಸ ಮುಗಿಸಿಬಿಡಬೇಕು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು ರಸ್ತೆಗಳೇ ಹೋದವು, ಎಷ್ಟೋ ಊರುಗಳಿಗೆ ದಿನಗಟ್ಟಲೆ ಕರೆಂಟ್ ಇರಲಿಲ್ಲ. ಅಂಥ ಹೊತ್ತಿನಲ್ಲಿ ಬ್ಯಾಟರಿ ರಿಪೇರಿಗೆ ಯಾರನ್ನು ಕರೆಯುವುದು? ಬಯಲುಸೀಮೆಯವರಿಗೆ ಬೇಸಿಗೆಯ ಆರಂಭ ಮುಖ್ಯ, ಏಕೆಂದರೆ ಸೆಕೆಗೆ ಬ್ಯಾಟರಿಯ ನೀರು ಬೇಗ ಇಳಿಯುತ್ತದೆ. ಮತ್ತೊಂದು ದಿನ ನಮ್ಮ ಸಂಪ್ರದಾಯವೇ ಕೊಟ್ಟಿದೆ. ಆಯುಧಪೂಜೆಗೆ ಗಾಡಿ, ಯಂತ್ರ, ಉಪಕರಣ ಎಲ್ಲವನ್ನೂ ತೊಳೆದು ಒರೆಸುತ್ತೇವಲ್ಲ, ಯುಪಿಎಸ್ಸಿನ ಬ್ಯಾಟರಿಯ ಸರದಿಯೂ ಆಗಲೇ ಬರಲಿ. ಆದರೆ ಅದರ ಮೇಲೆ ನೀರು ಸುರಿಯಬೇಡಿ, ಟರ್ಮಿನಲ್ಲಿಗೆ ಕುಂಕುಮ ಹಚ್ಚಬೇಡಿ, ಕರ್ಪೂರದಾರತಿಯನ್ನು ಅದರಿಂದ ದೂರ ಬೆಳಗಿ. ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಇನ್ನು ರಿಜಿಸ್ಟರ್. ಇದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡುತ್ತೇನೆ, ಏಕೆಂದರೆ ಬ್ಯಾಟರಿಯ ಆರೋಗ್ಯ ಅಡಗಿರುವುದು ಅದರಲ್ಲಿ. ಸಬ್‌ಸ್ಟೇಷನ್ನುಗಳ ಬ್ಯಾಟರಿ ಕೋಣೆಯಲ್ಲಿ ಉದ್ದನೆಯ ರಿಜಿಸ್ಟರ್ ಇರುತ್ತದೆ. ಪ್ರತಿ ಸೆಲ್ಲಿಗೂ ಒಂದು ನಂಬರ್. ಪ್ರತಿ ನಂಬರಿನ ಮುಂದೆ ವೋಲ್ಟೇಜ್, ಗ್ರ್ಯಾವಿಟಿ ಅಂದರೆ ಒಳಗಿನ ಆಸಿಡ್ ದ್ರವದ ಸಾಂದ್ರತೆ, ತಾಪಮಾನ. ಒಂದು ದಿನದ ಅಂಕಿ ನೋಡಿದರೆ ಅಷ್ಟೇನೂ ತಿಳಿಯುವುದಿಲ್ಲ. ಆದರೆ 31ನೇ ನಂಬರಿನ ಸೆಲ್ಲು ಹೋದ ವರ್ಷ ಎಲ್ಲರ ಜತೆಗಿತ್ತು, ಆರು ತಿಂಗಳ ಹಿಂದೆ ಸ್ವಲ್ಪ ಇಳಿಯಿತು, ಈಗ ಇನ್ನಷ್ಟು ಇಳಿದಿದೆ ಎಂದು ಪುಟ ತಿರುವಿದಾಗ ಕಾಣುತ್ತದೆ. ಸಾಲಿನಲ್ಲಿ ಜೋಡಿಸಿದ ಸೆಲ್ಲುಗಳಲ್ಲಿ ಒಂದು ಸತ್ತರೂ ಇಡೀ ಸಾಲು ಕುಸಿಯುತ್ತದೆ. ಹಾಗಾಗಿ ಕೆಲಸಕ್ಕೆ ಹೊರಡುವ ಮುನ್ನ ಹಿಂದಿನ ಎರಡು ಮೂರು ಸಲದ ಪುಟಗಳನ್ನು ಓದಿ, ಯಾವ ಸೆಲ್ಲಿನ ಮೇಲೆ ಕಣ್ಣಿಡಬೇಕು ಎಂದು ಗುರುತು ಹಾಕಿಕೊಳ್ಳಬೇಕು. ಅವತ್ತಿನ ಅಂಕಿ ಬರೆಯಲು ಖಾಲಿ ಪುಟಕ್ಕೆ ಗೆರೆ ಹಾಕಿ ಸಿದ್ಧವಾಗಿರಬೇಕು. ಕೈಯಲ್ಲಿ ಆಸಿಡ್ಡಿನ ಗ್ಲೌಸು ಹಾಕಿಕೊಂಡವರು ಗೆರೆ ಎಳೆಯುತ್ತಾ ಕೂರಲಾಗದು. ಒಬ್ಬರು ಓದಿ ಹೇಳಬೇಕು, ಇನ್ನೊಬ್ಬರು ಬರೆಯಬೇಕು.

ಗ್ರ್ಯಾವಿಟಿ ಅಳೆಯುವ ಹೈಡ್ರೋಮೀಟರನ್ನು ನೋಡದವರಿಗಾಗಿ ಹೇಳುತ್ತೇನೆ. ಒಂದು ಗಾಜಿನ ನಳಿಗೆ, ಮೇಲೆ ರಬ್ಬರ್ ಬುಡ್ಡೆ, ಒಳಗೆ ತೇಲುವ ಪುಟ್ಟ ಗಾಜಿನ ಕಡ್ಡಿ. ರಬ್ಬರನ್ನು ಅದುಮಿ ಬಿಟ್ಟರೆ ಸೆಲ್ಲಿನೊಳಗಿನ ದ್ರವ ಮೇಲೇರುತ್ತದೆ, ಕಡ್ಡಿ ತೇಲುತ್ತದೆ. ಕಡ್ಡಿ ನಳಿಗೆಯ ಗೋಡೆಗೆ ತಾಗದಂತೆ ನೆಟ್ಟಗೆ ಹಿಡಿದು, ಕಣ್ಣನ್ನು ದ್ರವದ ಮಟ್ಟಕ್ಕೆ ತಂದು ಓದಬೇಕು. ಟ್ಯೂಬ್ಯುಲಾರ್ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೆ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾಮಾನ್ಯವಾಗಿ 1.240ರ ಆಸುಪಾಸು ತೋರಿಸುತ್ತದೆ. ಬ್ಯಾಟರಿ ಅಂಗಡಿಯವರು ಇದನ್ನೇ ‘ಹನ್ನೆರಡು ನಲವತ್ತು’ ಎನ್ನುತ್ತಾರೆ. ಆರು ಸೆಲ್ಲುಗಳ ಮನೆಯ ಬ್ಯಾಟರಿಯಲ್ಲಿ ಐದು 1.240 ತೋರಿಸಿ ಒಂದು ಮಾತ್ರ 1.190ಕ್ಕೆ ನಿಂತಿದ್ದರೆ ಆ ಸೆಲ್ಲಿಗೆ ಕಾಯಿಲೆ ಹತ್ತಿದೆ ಎಂದೇ ಅರ್ಥ. ಇಲ್ಲಿ ತಾಪಮಾನದ ಲೆಕ್ಕವೂ ಬೇಕು. ಪ್ರತಿ ಡಿಗ್ರಿ ಸೆಕೆಗೆ 0.0007ರಷ್ಟು ಇಳಿಕೆ ಕಾಣುತ್ತದೆ. ಏಪ್ರಿಲಿನ ಕಲಬುರಗಿಯಲ್ಲಿ ದ್ರವ 37 ಡಿಗ್ರಿಗೆ ಕಾದಿದ್ದಾಗ 1.233 ಕಂಡರೆ ಗಾಬರಿಯಾಗಬೇಕಿಲ್ಲ. ಲೆಕ್ಕ ಸರಿಪಡಿಸಿದರೆ ಅದು 1.240ಕ್ಕೇ ಬರುತ್ತದೆ. ಹಾಗಾಗಿ ಸಾಮಾನುಗಳ ಜತೆ ಥರ್ಮಾಮೀಟರೂ ಇರಲಿ. ಇನ್ನೊಂದು ಮಾತು: ಮೊದಲು ಗ್ರ್ಯಾವಿಟಿ ನೋಡಿ, ಆಮೇಲೆ ನೀರು ಹಾಕಿ. ಹೊಸದಾಗಿ ಹಾಕಿದ ನೀರು ಮೇಲೇ ನಿಂತಿರುತ್ತದೆ, ಆಸಿಡ್ಡಿನ ಜತೆ ಬೆರೆಯಲು ಸಮಯ ಬೇಕು. ಆಗ ಅಳೆದರೆ ಅಂಕಿ ಸುಳ್ಳಾಗುತ್ತದೆ.

ನೀರು ಎಂದೆ. ಮನೆಗಳಲ್ಲಿ ಅತಿ ಹೆಚ್ಚು ಬ್ಯಾಟರಿಗಳು ಹಾಳಾಗುವುದನ್ನು ನಾನು ನೋಡಿರುವುದು ಇಲ್ಲಿಯೇ. ನಲ್ಲಿ ನೀರು, ಬೋರ್‌ವೆಲ್ ನೀರು ಎರಡೂ ಬೇಡ. ಕೋಲಾರ, ತುಮಕೂರು, ಚಿತ್ರದುರ್ಗದ ಕಡೆಯ ಆಳದ ಬೋರ್‌ವೆಲ್ಲುಗಳ ನೀರಿನಲ್ಲಿ ಎಷ್ಟು ಲವಣ ಇರುತ್ತದೆ ಎಂಬುದು ಅಲ್ಲಿನವರ ಪಾತ್ರೆಗಳ ತಳವೇ ಹೇಳುತ್ತದೆ. ಕುಡಿಯುವ ಆರ್‌ಒ ನೀರು ಹಾಕಬಹುದಲ್ಲ ಎಂದು ಬಹಳ ಮಂದಿ ಕೇಳುತ್ತಾರೆ. ಬೇಡ. ಅದರಲ್ಲೂ ಲವಣ ಉಳಿದಿರುತ್ತದೆ, ಕುಡಿಯಲು ಅದು ಒಳ್ಳೆಯದೇ, ಬ್ಯಾಟರಿಯ ತಟ್ಟೆಗಳಿಗೆ ಅಲ್ಲ. ಕಬ್ಬಿಣದ ಅಂಶ, ಕ್ಲೋರೈಡ್ ಸ್ವಲ್ಪವಿದ್ದರೂ ಸೀಸದ ತಟ್ಟೆಗಳನ್ನು ಒಳಗೊಳಗೇ ತಿನ್ನುತ್ತವೆ. ಬ್ಯಾಟರಿ ನೀರಿನ ಶುದ್ಧತೆಗೆಂದೇ ನಮ್ಮ ದೇಶದಲ್ಲಿ ಐಎಸ್ 1069 ಎಂಬ ಮಾನದಂಡ ಇದೆ. ಡಿಸ್ಟಿಲ್ಡ್ ವಾಟರ್ ಕ್ಯಾನು ಕೊಳ್ಳುವಾಗ ಮುಚ್ಚಳದ ಸೀಲು ನೋಡಿ, ಒಂದು ವಾರ ಮೊದಲೇ ತಂದಿಟ್ಟುಕೊಳ್ಳಿ. ಕೆಲಸದ ದಿನ ಕ್ಯಾನು ಸಾಲದೆ ಬಂದು ‘ಇವತ್ತೊಂದು ದಿನ ಫಿಲ್ಟರ್ ನೀರೇ ಹಾಕೋಣ’ ಎನ್ನುವಂತಾಗಬಾರದು. ಸುರಿಯಲು ಪ್ಲಾಸ್ಟಿಕ್ ಲಾಳಿಕೆ ಇರಲಿ. ಕಬ್ಬಿಣ, ತಗಡಿನದು ಬೇಡ. ಬ್ಯಾಟರಿ ಚಾರ್ಜ್ ಆಗುವಾಗ ಒಳಗಿನ ದ್ರವ ಹಿಗ್ಗುತ್ತದೆ, ಆದ್ದರಿಂದ ಪೂರ್ತಿ ಚಾರ್ಜ್ ಆದ ಮೇಲೆಯೇ ನೀರು ಹಾಕಬೇಕು, ಫ್ಲೋಟಿನ ಹಸಿರು ಗುರುತಿಗೆ ನಿಲ್ಲಿಸಬೇಕು. ತಟ್ಟೆಗಳು ಬರಿದಾಗಿ ಕಾಣುತ್ತಿದ್ದರೆ ಮಾತ್ರ, ಅವು ಮುಳುಗುವಷ್ಟು ಮೊದಲು ಹಾಕಿ ಆಮೇಲೆ ಚಾರ್ಜಿಗೆ ಬಿಡಬೇಕು. ಆಸಿಡ್ಡನ್ನಂತೂ ಮನೆಯಲ್ಲಿ ಯಾರೂ ಹಾಕಕೂಡದು.

ಈಗ ಕರ್ಪೂರದ ಮಾತಿಗೆ ಬರುತ್ತೇನೆ. ಚಾರ್ಜ್ ಆಗುವ ಬ್ಯಾಟರಿಯಿಂದ ಜಲಜನಕ ಹೊರಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಗಾಳಿಗಿಂತ ಹಗುರ. ಗಾಳಿಯಲ್ಲಿ ಶೇಕಡ 4ರಷ್ಟು ಸೇರಿದರೆ ಸಾಕು, ಒಂದು ಕಿಡಿಗೆ ಸಿಡಿಯುತ್ತದೆ. ಅದು ಮೇಲೇರಿ ಚಾವಣಿಯ ಕೆಳಗೆ ನಿಲ್ಲುವುದರಿಂದ ಬ್ಯಾಟರಿ ಕೋಣೆಯ ಗಾಳಿಕಿಂಡಿ ಮೇಲ್ಭಾಗದಲ್ಲಿರಬೇಕು. ನಮ್ಮ ಮನೆಗಳಲ್ಲಿ ಬ್ಯಾಟರಿಯನ್ನು ಎಲ್ಲಿಡುತ್ತೇವೆ ನೋಡಿ: ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ಬಾಗಿಲು ಹಾಕಿದ ಕಪಾಟಿನಲ್ಲಿ, ಎಷ್ಟೋ ಕಡೆ ದೇವರ ಮನೆಯ ಗೋಡೆಗೇ ತಾಗಿಸಿ. ಕೆಲಸ ಶುರುಮಾಡುವ ಮೊದಲು ಚಾರ್ಜಿಂಗ್ ನಿಲ್ಲಿಸಿ, ಬಾಗಿಲು, ಕಿಟಕಿ ತೆರೆದು ಸ್ವಲ್ಪ ಹೊತ್ತು ಗಾಳಿಯಾಡಲು ಬಿಡಿ. ಊದುಬತ್ತಿ, ದೀಪ, ಬೀಡಿ ಯಾವುದೂ ಹತ್ತಿರ ಬೇಡ. ಸೆಲ್ಲಿನೊಳಗೆ ನೋಡಲು ಬೆಂಕಿಕಡ್ಡಿ ಗೀರಿದವರ ಮುಖದ ಮೇಲೆ ಆಸಿಡ್ ಸಿಡಿದದ್ದನ್ನು ನಾನು ನೋಡಿದ್ದೇನೆ. ಬೆಳಕಿಗೆ ಟಾರ್ಚ್ ಹಿಡಿಯಿರಿ, ಅದನ್ನೂ ಕೋಣೆಯ ಹೊರಗೇ ಹಾಕಿಕೊಂಡು ಬನ್ನಿ.

ಮೈಮೇಲಿನ ಲೋಹವನ್ನು ತೆಗೆದಿಡುವುದು ಇನ್ನೊಂದು ಸಿದ್ಧತೆ. ಉಂಗುರ, ಬಳೆ, ಕಡಗ, ವಾಚು, ಕುತ್ತಿಗೆಯ ಸರ. ಬರೀ 12 ವೋಲ್ಟ್ ತಾನೇ, ಶಾಕ್ ಹೊಡೆಯುವುದಿಲ್ಲವಲ್ಲ ಎನ್ನುತ್ತಾರೆ. ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಎರಡು ಟರ್ಮಿನಲ್ಲುಗಳ ನಡುವೆ ಲೋಹ ಅಡ್ಡಬಿದ್ದರೆ 150 ಆಂಪಿಯರ್ ಅವರಿನ ಬ್ಯಾಟರಿ ಸಾವಿರ ಆಂಪಿಯರ್ ಮೀರಿದ ಕರೆಂಟನ್ನು ಒಮ್ಮೆಲೇ ಹರಿಸಬಲ್ಲದು. ಸ್ಪ್ಯಾನರಿಗೂ ಪ್ಲಸ್ ಟರ್ಮಿನಲ್ಲಿಗೂ ನಡುವೆ ಬೆರಳಿನ ಉಂಗುರ ಸಿಕ್ಕಿದರೆ ಕ್ಷಣಾರ್ಧದಲ್ಲಿ ಕೆಂಪಗೆ ಕಾದು ಮಾಂಸಕ್ಕೆ ಅಂಟಿಕೊಳ್ಳುತ್ತದೆ. ಮಾಂಗಲ್ಯ ತೆಗೆಯಲು ಮನಸ್ಸು ಬಾರದ ಹೆಣ್ಣುಮಕ್ಕಳು ಅದನ್ನು ಬಟ್ಟೆಯೊಳಗೆ ಹಾಕಿ ಮೇಲೆ ದಪ್ಪನೆಯ ಏಪ್ರನ್ ಕಟ್ಟಿಕೊಳ್ಳಲಿ. ಸ್ಪ್ಯಾನರಿನ ಹಿಡಿಗೆ ಹಿಂದಿನ ದಿನವೇ ಇನ್ಸುಲೇಷನ್ ಟೇಪನ್ನು ದಪ್ಪಗೆ ಸುತ್ತಿಡಿ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸು. ಪಕ್ಕದಲ್ಲೇ ಒಂದು ಬಕೆಟ್ ಶುದ್ಧ ನೀರು, ಒಂದು ಡಬ್ಬಿ ಅಡುಗೆ ಸೋಡಾ. ನೆಲಕ್ಕೋ ಬಟ್ಟೆಗೋ ಚೆಲ್ಲಿದ ಆಸಿಡ್ಡಿಗೆ ಸೋಡಾ ಹಾಕಬೇಕು. ಕಣ್ಣಿಗೆ ಹಾರಿದರೆ ಮಾತ್ರ ಸೋಡಾ ಬೇಡ, ಬರಿ ನೀರಿನಿಂದ ಕಡಿಮೆಯೆಂದರೂ 15 ನಿಮಿಷ ಬಿಡದೆ ತೊಳೆದು ಆಸ್ಪತ್ರೆಗೆ ಓಡಬೇಕು. ನೀರಿನ ಬಕೆಟ್ಟನ್ನು ಆಮೇಲೆ ಹುಡುಕುವಂತಿಲ್ಲ.

ಮನೆಯವರಿಗೆ ಇನ್ನೊಂದು ಸಲಹೆ. ಒಂದು ಬೋಲ್ಟನ್ನೂ ಸಡಿಲಿಸುವ ಮುನ್ನ ಮೊಬೈಲಿನಲ್ಲಿ ನಾಲ್ಕೂ ಕಡೆಯಿಂದ ಫೋಟೊ ತೆಗೆದುಕೊಳ್ಳಿ. ಯಾವ ತಂತಿ ಎಲ್ಲಿತ್ತು ಎಂಬ ಗೊಂದಲ ಉಳಿಯುವುದಿಲ್ಲ. ಯುಪಿಎಸ್ಸಿನ ಸ್ವಿಚ್ ಆರಿಸಿ, ಗೋಡೆಯ ಪ್ಲಗ್ ತೆಗೆದು, ಆಮೇಲೆ ಬ್ಯಾಟರಿಯ ಕಪ್ಪು ತಂತಿಯನ್ನು ಮೊದಲು ಬಿಚ್ಚಿ. ಜೋಡಿಸುವಾಗ ಕೆಂಪು ಮೊದಲು, ಕಪ್ಪು ಕೊನೆಗೆ. ಜೋಡಿಸಿದ ಮೇಲೆ ಟರ್ಮಿನಲ್ಲಿಗೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಬಿಳಿ ಪುಡಿ ಕಟ್ಟುವುದು ಕಡಿಮೆಯಾಗುತ್ತದೆ. ಬ್ಯಾಟರಿಯನ್ನು ಸರಿಸಬೇಕಾದರೆ ಇಬ್ಬರು ಬೇಕು. ಐವತ್ತು ಅರವತ್ತು ಕಿಲೋ ತೂಗುವ ಆಸಿಡ್ ತುಂಬಿದ ಪೆಟ್ಟಿಗೆಯನ್ನು ಒಬ್ಬರೇ ಎತ್ತುವ ಸಾಹಸ ಬೇಡ. ಇದ್ಯಾವುದೂ ನನ್ನಿಂದಾಗದು ಎನ್ನುವವರು ಮೆಕ್ಯಾನಿಕ್ಕನ್ನು ಕರೆಸಿ, ಆದರೆ ಅವರು ಬರುವ ಮುನ್ನ ಜಾಗ ಖಾಲಿಮಾಡಿ, ಬೆಳಕು ಮಾಡಿ, ಖರೀದಿಯ ಬಿಲ್ಲು, ವಾರಂಟಿ ಕಾರ್ಡು ಹುಡುಕಿ ಇಡಿ.

ನಮ್ಮದು ಸೀಲ್ಡ್ ಬ್ಯಾಟರಿ, ಮೇಂಟೆನೆನ್ಸ್ ಫ್ರೀ ಎಂದು ನೆಮ್ಮದಿಯಾಗಿರುವವರೂ ಇದ್ದಾರೆ. ನೀರು ಹಾಕುವ ಕೆಲಸ ಇಲ್ಲ ಎಂಬುದಷ್ಟೇ ಆ ಮಾತಿನ ಅರ್ಥ. ಅದರ ವೋಲ್ಟೇಜ್ ಅಳೆಯಬೇಕು, ಬೋಲ್ಟುಗಳ ಬಿಗಿ ನೋಡಬೇಕು, ಪೆಟ್ಟಿಗೆ ಉಬ್ಬಿದೆಯೇ, ಮುಟ್ಟಿದರೆ ಬಿಸಿಯಾಗಿದೆಯೇ ಎಂದು ಗಮನಿಸಬೇಕು. ಸೆಕೆ ಇದಕ್ಕೆ ದೊಡ್ಡ ಶತ್ರು. ಮಾಮೂಲಿ ತಾಪಮಾನಕ್ಕಿಂತ 10 ಡಿಗ್ರಿ ಏರಿದರೆ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಉಬ್ಬಿದ ಬ್ಯಾಟರಿಗೆ ಸರ್ವಿಸ್ ಎಂಬುದಿಲ್ಲ, ತೆಗೆದು ಬದಲಿಸಬೇಕು. ಲಿಥಿಯಂ ಬ್ಯಾಟರಿಗಳ ರೀತಿಯೇ ಬೇರೆ, ಅವನ್ನು ಕಂಪನಿಯವರಲ್ಲದೆ ಯಾರೂ ಬಿಚ್ಚಬಾರದು.

ದೊಡ್ಡ ಬ್ಯಾಟರಿ ಸಾಲುಗಳಿಗೆ ಕೆಲವು ವರ್ಷಕ್ಕೊಮ್ಮೆ ಸಾಮರ್ಥ್ಯ ಪರೀಕ್ಷೆ ಮಾಡುತ್ತಾರೆ. 200 ಆಂಪಿಯರ್ ಅವರಿನ ಸಾಲನ್ನು 20 ಆಂಪಿಯರಿನಂತೆ ಹತ್ತು ಗಂಟೆ ಖಾಲಿಮಾಡುತ್ತಾ, ಸೆಲ್ಲುಗಳು ತಯಾರಕರು ಹೇಳಿದ ಗಡಿಯವರೆಗೆ ತಾಳುತ್ತವೆಯೇ ನೋಡುವುದು. ಬರೆದ ಸಾಮರ್ಥ್ಯದ ಶೇಕಡ 80ಕ್ಕಿಂತ ಕೆಳಗಿಳಿದರೆ ಬದಲಿಸಬೇಕು ಎಂಬುದು ಈ ಕ್ಷೇತ್ರದಲ್ಲಿ ಎಲ್ಲರೂ ಪಾಲಿಸುವ ನಿಯಮ. ಖಾಲಿಮಾಡಲು ಹತ್ತು ಗಂಟೆ, ಮತ್ತೆ ತುಂಬಲು ಅದಕ್ಕಿಂತ ಹೆಚ್ಚು. ಅಷ್ಟು ಹೊತ್ತೂ ಆ ಬ್ಯಾಟರಿ ಇದ್ದೂ ಇಲ್ಲದಂತೆ. ಬದಲಿ ಸಾಲನ್ನು ತಂದು ಜೋಡಿಸಿ, ಅದು ಲೋಡ್ ಹೊರುತ್ತದೆ ಎಂದು ಖಚಿತಮಾಡಿಕೊಳ್ಳದೆ ಈ ಪರೀಕ್ಷೆಗೆ ಇಳಿಯುವುದು ಜವಾಬ್ದಾರಿಯ ಕೆಲಸವಲ್ಲ ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ಪರೀಕ್ಷೆಯಲ್ಲಿ ಬ್ಯಾಟರಿ ಸೋತರೆ ಮುಂದೇನು ಎಂಬುದನ್ನೂ ಮೊದಲೇ ಯೋಚಿಸಿರಬೇಕು. ಹಳೆಯ ಬ್ಯಾಟರಿಯನ್ನು ಗುಜರಿಯವನಿಗೆ ಹಾಕಿದರೆ ಅವನು ಎಲ್ಲೋ ಹಳ್ಳದ ಬದಿಯಲ್ಲಿ ಒಡೆದು, ಆಸಿಡ್ಡನ್ನು ಮಣ್ಣಿಗೆ ಸುರಿದು, ಸೀಸ ಕರಗಿಸುತ್ತಾನೆ. ಆ ಹೊಗೆ, ಆ ಧೂಳು ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ಕುಂಠಿತಗೊಳಿಸುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆಯ ಹೊಣೆ ತಯಾರಕರದು. ಹೊಸದನ್ನು ಕೊಳ್ಳುವ ಅಧಿಕೃತ ಅಂಗಡಿಗೇ ಹಳೆಯದನ್ನು ಕೊಟ್ಟು, ಬೆಲೆಯಲ್ಲಿ ಮುರಿದುಕೊಂಡು, ರಸೀದಿ ಪಡೆಯಿರಿ.

ಕೇಳುಗರೇ, ಈ ವಾರವೇ ಒಂದು ಕೆಲಸ ಮಾಡಿ. ನಿಮ್ಮ ಮನೆಯ ಬ್ಯಾಟರಿಯ ಮೇಲಿರುವ ತಾರೀಕನ್ನು ನೋಡಿ, ಒಂದು ಕಾಗದದಲ್ಲಿ ಬರೆದು, ಕೊನೆಯ ಸಲ ನೀರು ಹಾಕಿದ ದಿನವನ್ನು ಅದರ ಕೆಳಗೆ ಬರೆದು, ಪಕ್ಕದ ಗೋಡೆಗೆ ಅಂಟಿಸಿ. ಅಪಾರ್ಟ್‌ಮೆಂಟಿನ ಸಂಘದಲ್ಲಿರುವವರು ಲಿಫ್ಟಿನ ಬ್ಯಾಟರಿಯ ಬಗ್ಗೆ, ಸಹಕಾರಿ ಬ್ಯಾಂಕಿನ ನಿರ್ದೇಶಕರು ತಮ್ಮ ಯುಪಿಎಸ್ಸಿನ ಬಗ್ಗೆ ಇದೇ ಮಾತು ಕೇಳಲಿ. ಹಾಗೆಯೇ ನಿಮ್ಮೂರಿನ ಸರ್ಕಾರಿ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ನೀವಿದ್ದರೆ, ಮುಂದಿನ ಸಭೆಯಲ್ಲಿ ಎರಡು ಪ್ರಶ್ನೆ ಕೇಳಿ: ಬ್ಯಾಟರಿಯ ರಿಜಿಸ್ಟರ್ ಎಲ್ಲಿದೆ? ಬ್ಯಾಟರಿ ಬಿಚ್ಚಿದ ದಿನ ಹೆರಿಗೆ ವಾರ್ಡಿಗೆ ಕರೆಂಟ್ ಎಲ್ಲಿಂದ ಬರುತ್ತದೆ? ಎರಡಕ್ಕೂ ಉತ್ತರ ಸಿಗುವವರೆಗೆ ದಯವಿಟ್ಟು ಆ ಸಭೆಯಿಂದ ಏಳಬೇಡಿ.